ಟ್ರ್ಯಾಕ್ಟರಿನ ಸ್ಟಾರ್ಟರಿಗೆ ತಕ್ಕ ಪಿನಿಯನ್ನನ್ನು ಆರಿಸುವ ಕ್ರಮ

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯು ಸೂಳೆಕೆರೆಗೆ ಸಮೀಪವಾಗಿರುವ ಗ್ರಾಮವು. ಈ ಸೀಮೆಯ ವ್ಯವಸಾಯಗಾರರಿಗೆ ಬತ್ತದ ಗದ್ದೆಯೂ ಅಡಕೆಯ ತೋಟವೂ ಮುಖ್ಯವಾದ ಜೀವನಾಧಾರಗಳು. ಹಿಂದೆ ಗದ್ದೆಯನ್ನು ಕೆಸರು ಮಾಡುವ ಕೆಲಸವು ಎತ್ತು ಕೋಣಗಳ ಹೆಗಲಿನ ಮೇಲಿದ್ದಿತು. ಒಂದು ಜೊತೆ ಎತ್ತು ಬಳಲಿದರೆ ನೆರೆಯವರ ಜೊತೆಯನ್ನು ಮುಯ್ಯಿಗೆ ತಂದು ಕೆಲಸ ಸಾಗಿಸಬಹುದಾಗಿದ್ದಿತು. ಈಗ ಆ ಕೆಲಸದ ಬಹುಭಾಗವು ಟ್ರ್ಯಾಕ್ಟರಿಗೂ ಪವರ್ ಟಿಲ್ಲರಿಗೂ ಬಿದ್ದಿದೆ. ನಾಲೆಗೆ ನೀರು ಬಂದ ವಾರದಲ್ಲಿ ಊರಿನ ಎಲ್ಲ ಯಂತ್ರಗಳಿಗೂ ಒಂದೇ ಸಲ ಕೆಲಸ ಬೀಳುವುದರಿಂದ, ಒಬ್ಬನ ಯಂತ್ರ ಕೆಟ್ಟರೆ ಇನ್ನೊಬ್ಬನ ಯಂತ್ರ ದೊರೆಯುವುದು ಕಷ್ಟ. ಸಸಿಮಡಿಯಲ್ಲಿರುವ ಸಸಿಯು ಮಾತ್ರ ಕಾಯುವುದಿಲ್ಲ. 25 ರಿಂದ 30 ದಿನಗಳೊಳಗೆ ಕೀಳಬೇಕಾದ ಸಸಿಯು ಮಡಿಯಲ್ಲಿಯೇ ಬಲಿತರೆ ತೆಂಡೆ ಕಡಿಮೆಯಾಗಿ, ಇಳುವರಿಯೂ ಅದಕ್ಕೆ ತಕ್ಕಂತೆ ಇಳಿಯುವುದು. ಮಳೆಯನ್ನೇ ನಂಬಿರುವ ಜಗಳೂರಿನ ಕಡೆಯ ಮೆಕ್ಕೆಜೋಳದ ಹೊಲಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಅಲ್ಲಿ ಬಿತ್ತನೆಯ ಹದವು ಕೆಲವೇ ದಿನ ನಿಲ್ಲುವುದು.

ಇಂಥ ಸಮಯದಲ್ಲಿ ಟ್ರ್ಯಾಕ್ಟರು ನಿಂತುಹೋಗುವುದಕ್ಕೆ ಎಂಜಿನಿನ ದೋಷವೇ ಕಾರಣವೆಂದು ಭಾವಿಸಬೇಕಾಗಿಲ್ಲ. ಎಂಜಿನ್ನು ಸರಿಯಾಗಿದ್ದು, ಅದನ್ನು ಎಬ್ಬಿಸತಕ್ಕ ಸ್ಟಾರ್ಟರಿನ ತುದಿಯಲ್ಲಿರುವ ಹಿಡಿಯಳತೆಯ ಒಂದು ಹಲ್ಲುಚಕ್ರವು ಹೊಂದದೆ ಹೋದುದರಿಂದಲೂ ಯಂತ್ರ ನಿಲ್ಲುವುದುಂಟು. ಸಾಧಾರಣವಾಗಿ ನಡೆಯುವುದು ಹೀಗೆ. ಹಳೆಯ ಪಿನಿಯನ್ನು ಸವೆದು ಜಾರಲಾರಂಭಿಸುತ್ತದೆ. ಆಳನ್ನು ಪೇಟೆಗೆ ಅಟ್ಟುತ್ತಾರೆ. ಅಂಗಡಿಯವನು ಹಲ್ಲುಗಳನ್ನು ಎಣಿಸಿ, ಸರಿಯಾಗಿದೆಯೆಂದು ಹೇಳಿ, ಬೆಲೆ ಕಡಿಮೆಯಾದ ಒಂದನ್ನು ಕೊಡುತ್ತಾನೆ. ಜೋಡಿಸಿದ ದಿನ ಯಂತ್ರವು ಶಬ್ದ ಮಾಡಿದರೂ ಏಳುತ್ತದೆ. ಹೊಸದು ಹೊಂದಿಕೊಳ್ಳುವುದೆಂದು ಸಮಾಧಾನ ತಂದುಕೊಳ್ಳುತ್ತಾರೆ. ಹೊಂದಿಕೊಳ್ಳುವುದಿಲ್ಲ. ಕೆಲವು ವಾರಗಳಲ್ಲಿ ಆ ಪಿನಿಯನ್ನು ತಾನೂ ಹಾಳಾಗಿ, ಫ್ಲೈವೀಲಿನ ಸುತ್ತಲಿನ ದೊಡ್ಡ ಹಲ್ಲುಬಳೆಯನ್ನೂ ಕೊರೆದುಬಿಡುತ್ತದೆ. ಪಿನಿಯನ್ನನ್ನು ಬದಲಾಯಿಸುವುದು ಒಂದು ಗಳಿಗೆಯ ಕೆಲಸ. ಹಲ್ಲುಬಳೆಯನ್ನು ಬದಲಾಯಿಸಬೇಕಾದರೆ ಟ್ರ್ಯಾಕ್ಟರನ್ನು ನಡುವಿಗೆ ಬಿಚ್ಚಿ, ಎಂಜಿನನ್ನು ಬೇರೆ ಮಾಡಿ, ಕ್ಲಚ್ಚನ್ನೂ ಫ್ಲೈವೀಲನ್ನೂ ಇಳಿಸಬೇಕು. ಗಾಡಿಯ ಕಡಾಣಿ ಚಿಕ್ಕದೆಂದು ಯಾರೂ ಅದನ್ನು ಅಲಕ್ಷ್ಯ ಮಾಡುವುದಿಲ್ಲ. ಇದರ ವಿಷಯದಲ್ಲಿಯೂ ಅಷ್ಟೇ ಎಚ್ಚರ ಬೇಕು.

ಸ್ಟಾರ್ಟರು ಕೆಲಸ ಮಾಡುವ ರೀತಿಯನ್ನು ತಿಳಿದರೆ ಮುಂದಿನ ವಿಷಯ ಸುಲಭವಾಗುವುದು. ಡೀಸಲ್ ಎಂಜಿನು ತಾನಾಗಿ ಏಳಲಾರದು. ಒಳಗಿನ ಗಾಳಿಯು ಒತ್ತಡದಿಂದ ಕಾದು ಎಣ್ಣೆಯು ಹತ್ತಿಕೊಳ್ಳಬೇಕಾದರೆ, ಹೊರಗಿನ ಶಕ್ತಿಯೊಂದು ಅದನ್ನು ನಿಮಿಷಕ್ಕೆ ಸುಮಾರು 150 ರಿಂದ 200 ಸುತ್ತು ತಿರುಗಿಸಬೇಕು. ಮೊದಲಿನ ದಿನಗಳಲ್ಲಿ ಈ ಕೆಲಸವನ್ನು ಕೈಹಿಡಿಯಿಂದ ಮಾಡುತ್ತಿದ್ದರು. ಹಿಡಿಯು ಹಿಂದಕ್ಕೆ ಒದ್ದು ಮಣಿಕಟ್ಟು ಮುರಿದುಕೊಳ್ಳುವವರೂ ಇದ್ದರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬಾತನು ಕಲ್ಪಿಸಿದ ವಿದ್ಯುತ್ ಸ್ಟಾರ್ಟರು 1912 ರಲ್ಲಿ ಕ್ಯಾಡಿಲಾಕ್ ಮೋಟಾರು ಗಾಡಿಗಳಲ್ಲಿ ಬಂದ ಮೇಲೆ ಆ ಕಷ್ಟವು ಕ್ರಮೇಣ ತಪ್ಪಿತು. ಇದರಲ್ಲಿ ಬ್ಯಾಟರಿಯಿಂದ ತಿರುಗುವ ಸಣ್ಣ ಮೋಟರಿನ ದಂಡಕ್ಕೆ 9, 10 ಅಥವಾ 11 ಹಲ್ಲುಗಳ ಪಿನಿಯನ್ನು ಇರುವುದು. ಫ್ಲೈವೀಲಿನ ಬಳೆಯಲ್ಲಿ ನೂರಕ್ಕೂ ಮೇಲ್ಪಟ್ಟು ಹಲ್ಲುಗಳಿರುತ್ತವೆ. ಬಳೆಯಲ್ಲಿ 120, ಪಿನಿಯನ್ನಿನಲ್ಲಿ 10 ಹಲ್ಲುಗಳಿದ್ದರೆ ಮೋಟರು 12 ಸುತ್ತು ಸುತ್ತಿದಾಗ ಎಂಜಿನು ಒಂದು ಸುತ್ತು ಸುತ್ತುವುದು. ಕಬ್ಬಿನ ಗಾಣದ ಹಲ್ಲುಚಕ್ರಗಳನ್ನು ನೋಡಿದವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಆದರೆ ಗಾಣದ ಚಕ್ರಗಳು ಸದಾ ಕೂಡಿಕೊಂಡಿರುವುವು. ಸ್ಟಾರ್ಟರಿನ ಪಿನಿಯನ್ನು ಹಾಗಲ್ಲ. ಬೀಗದ ಕೈ ತಿರುಗಿಸಿದೊಡನೆ ಸಾಲಿನಾಯ್ಡ್ ಎಂಬ ಸುರುಳಿಯು ಒಂದು ಕವೆಯನ್ನು ಎಳೆಯುವುದು. ಕವೆಯು ಪಿನಿಯನ್ನನ್ನು ಮುಂದೂಡಿ ಬಳೆಯ ಹಲ್ಲುಗಳ ನಡುವೆ ಸೇರಿಸುವುದು. ಆಮೇಲೆ ಮೋಟರಿಗೆ ಪೂರ್ಣವಾಗಿ ವಿದ್ಯುತ್ತು ಹರಿಯುವುದು. ಎಂಜಿನು ಎದ್ದ ಮೇಲೆ ಪಿನಿಯನ್ನು ಹಿಂದಕ್ಕೆ ಸರಿಯಬೇಕು. ಸರಿಯುವುದು ಕ್ಷಣಮಾತ್ರ ತಡವಾದರೂ ಎಂಜಿನೇ ಮೋಟರನ್ನು ತಿರುಗಿಸತೊಡಗುವುದು. ಎಂಜಿನು ನಿಮಿಷಕ್ಕೆ 1,000 ಸುತ್ತಿನ ವೇಗದಲ್ಲಿದ್ದರೆ ಮೇಲೆ ಹೇಳಿದ ಲೆಕ್ಕದಂತೆ ಪಿನಿಯನ್ನು 12,000 ಸುತ್ತು ಸುತ್ತಬೇಕಾಗುವುದು. ಆ ವೇಗವನ್ನು ತಡೆಯಲಾರದೆ ಮೋಟರಿನ ಒಳಸುತ್ತುಗಳು ಸಿಡಿದುಹೋಗಬಹುದು. ಇದನ್ನು ತಪ್ಪಿಸುವುದಕ್ಕಾಗಿಯೇ ಪಿನಿಯನ್ನಿನ ಹಿಂದೆ ಒಂದೇ ದಿಕ್ಕಿಗೆ ಬಲವನ್ನು ಸಾಗಿಸುವ ಉರುಳೆಗಳ ಕ್ಲಚ್ಚು ಇರುತ್ತದೆ. ಪಿನಿಯನ್ನು ಮತ್ತು ಈ ಕ್ಲಚ್ಚು ಸೇರಿದ ಭಾಗವನ್ನೇ ನಮ್ಮ ಕಡೆಯ ವರ್ಕ್‌ಷಾಪುಗಳಲ್ಲಿ ಬೆಂಡಿಕ್ಸ್ ಎನ್ನುವುದು.

ಈ ಹೆಸರೇ ಅರ್ಧ ತೊಂದರೆಗೆ ಮೂಲವಾಗಿದೆ. ಅಮೆರಿಕದ ವಿನ್ಸೆಂಟ್ ಬೆಂಡಿಕ್ಸನ ಹೆಸರಿನಿಂದ ಪ್ರಸಿದ್ಧವಾದುದು ಬೇರೆ ಮಾದರಿ. ಅದರಲ್ಲಿ ಕವೆಯಿಲ್ಲ. ಮೋಟರು ಫಕ್ಕನೆ ತಿರುಗಿದಾಗ ಪಿನಿಯನ್ನು ತನ್ನ ಜಡತ್ವದಿಂದಲೇ ತಿರುಪಿನ ಮೇಲೆ ಹರಿದು ಬಳೆಗೆ ಕೂಡುವುದು. ಹಳೆಯ ಯಂತ್ರಗಳಲ್ಲಿ ಇದು ಕಾಣುವುದು. ಈಗಿನ ಟ್ರ್ಯಾಕ್ಟರುಗಳಲ್ಲಿರುವುದು ಸಾಮಾನ್ಯವಾಗಿ ಕವೆಯ ಮಾದರಿ. ಎರಡಕ್ಕೂ ಒಂದೇ ಹೆಸರು ಹೇಳಿ ಕೇಳಿದರೆ ಅಂಗಡಿಯವನು ತನ್ನಲ್ಲಿರುವುದನ್ನು ಕೊಡುವನು. ಅದು ಅವನ ತಪ್ಪೆಂದು ಹೇಳಲಾಗುವುದಿಲ್ಲ.

ಇನ್ನು ಹೊಂದಾಣಿಕೆಯ ವಿಚಾರ. ಹಲ್ಲುಗಳ ಸಂಖ್ಯೆ ಒಂದೇ ಆಗಿದ್ದರೆ ಸಾಲದು. ಹಲ್ಲಿನ ಗಾತ್ರವೂ ಒಂದೇ ಆಗಿರಬೇಕು. ಗಾತ್ರವನ್ನು ಅಳೆಯುವ ಪದ್ಧತಿಗಳು ಎರಡು. ಮಿಲಿಮೀಟರಿನ ದೇಶಗಳಲ್ಲಿ ಚಕ್ರದ ವ್ಯಾಸವನ್ನು ಹಲ್ಲುಗಳ ಸಂಖ್ಯೆಯಿಂದ ಭಾಗಿಸಿ ಬಂದುದನ್ನು ಮಾಡ್ಯೂಲ್ ಎನ್ನುವರು. ಅಂಗುಲದ ದೇಶಗಳಲ್ಲಿ ಒಂದು ಅಂಗುಲ ವ್ಯಾಸಕ್ಕೆ ಎಷ್ಟು ಹಲ್ಲು ಬರುವುದೆಂಬುದನ್ನು ಹೇಳುವರು. ಇದಕ್ಕೆ ಡಯಮೆಟ್ರಲ್ ಪಿಚ್ ಎಂದು ಹೆಸರು. ಇಲ್ಲಿ ವ್ಯಾಸವೆಂದರೆ ಹಲ್ಲಿನ ತುದಿಯಿಂದ ತುದಿಗೆ ಇರುವ ಅಳತೆಯಲ್ಲ, ಹಲ್ಲಿನ ಮಧ್ಯದಲ್ಲಿ ಬರುವ ಕೂಡುವೃತ್ತದ ಅಳತೆ. ನಮ್ಮ ದೇಶದ ಟ್ರ್ಯಾಕ್ಟರು ಉದ್ಯಮವು ಹಲವು ದೇಶಗಳ ಸಹಾಯದಿಂದ ಬೆಳೆದುದು. 1959 ರಲ್ಲಿ ಫರೀದಾಬಾದಿನಿಂದ ಹೊರಟ ಐಷರ್ ಟ್ರ್ಯಾಕ್ಟರು ಜರ್ಮನಿಯ ಮೂಲದ್ದು. ಎಚ್.ಎಂ.ಟಿ.ಯ ಮೊದಲಿನ ಟ್ರ್ಯಾಕ್ಟರುಗಳಿಗೆ ಚೆಕ್ ದೇಶದ ಜೆಟರ್ ಮಾದರಿ. ಬೆಂಗಳೂರಿನ ವಿ.ಎಸ್.ಟಿ. ಕಂಪನಿಯ ಪವರ್ ಟಿಲ್ಲರುಗಳಿಗೆ ಜಪಾನಿನ ಮಿಟ್ಸುಬಿಷಿಯ ಸಹಯೋಗವಿತ್ತು. ಮ್ಯಾಸಿ ಫರ್ಗುಸನ್ ಮಾದರಿಯು ಇಂಗ್ಲೀಷರ ಅಳತೆಯ ಪರಂಪರೆಯದು. ಹೀಗಾಗಿ ಅಂಗುಲದ ಭಾಗಗಳೂ ಮಿಲಿಮೀಟರಿನ ಭಾಗಗಳೂ ಬಹುಕಾಲ ಒಂದೇ ಅಂಗಡಿಯ ಒಂದೇ ಪೆಟ್ಟಿಗೆಯಲ್ಲಿ ಬೆರೆತು ಬಿದ್ದಿರುವುದು ಸೋಜಿಗವಲ್ಲ.

ಎರಡು ಪದ್ಧತಿಗಳು ಎಷ್ಟು ಹತ್ತಿರ ಬಂದು ಮೋಸಗೊಳಿಸುವುವೆಂಬುದಕ್ಕೆ ಒಂದು ಲೆಕ್ಕವನ್ನು ನೋಡಬಹುದು. 2.5 ಮಾಡ್ಯೂಲಿನ 10 ಹಲ್ಲಿನ ಪಿನಿಯನ್ನಿನ ಹೊರವ್ಯಾಸವು, ಹಲ್ಲು ಸಾಮಾನ್ಯ ಎತ್ತರದ್ದಾಗಿದ್ದರೆ, 30 ಮಿಲಿಮೀಟರು. 10 ಡಯಮೆಟ್ರಲ್ ಪಿಚ್ಚಿನ 10 ಹಲ್ಲಿನ ಪಿನಿಯನ್ನಿನ ಹೊರವ್ಯಾಸವು ಸುಮಾರು 30.5 ಮಿಲಿಮೀಟರು. ಅರ್ಧ ಮಿಲಿಮೀಟರಿನ ಈ ವ್ಯತ್ಯಾಸವು ಕಣ್ಣಿಗೆ ಕಾಣುವಂಥದಲ್ಲ. ಆದರೆ 120 ಹಲ್ಲಿನ ಬಳೆಯಲ್ಲಿ ಒಂದರ ಕೂಡುವೃತ್ತವು 300 ಮಿಲಿಮೀಟರು, ಇನ್ನೊಂದರದು 304.8 ಮಿಲಿಮೀಟರು. ಹಲ್ಲಿನಿಂದ ಹಲ್ಲಿಗೆ ಇರುವ ದೂರವು ಮೊದಲನೆಯದರಲ್ಲಿ 7.85, ಎರಡನೆಯದರಲ್ಲಿ 7.98 ಮಿಲಿಮೀಟರು. ಒಂದರ ಪಿನಿಯನ್ನನ್ನು ಇನ್ನೊಂದರ ಬಳೆಗೆ ಹಾಕಿದರೆ ಹಲ್ಲುಗಳು ಮುಖಕ್ಕೆ ಮುಖ ಕೂಡದೆ ಅಂಚಿನಲ್ಲಿ ಉಜ್ಜುತ್ತವೆ. ಯಂತ್ರವು ಏಳುತ್ತದೆ, ಹಲ್ಲೂ ಸವೆಯುತ್ತದೆ. ಇದಕ್ಕಿಂತ 3 ಮಾಡ್ಯೂಲು ಮತ್ತು 8 ಡಯಮೆಟ್ರಲ್ ಪಿಚ್ಚುಗಳ ತೊಡಕು ಒಂದು ರೀತಿಯಲ್ಲಿ ಉತ್ತಮ. ಅವುಗಳ ಹಲ್ಲಿನ ದೂರ 9.42 ಮತ್ತು 9.97 ಮಿಲಿಮೀಟರಾದುದರಿಂದ ದೋಷವು ಮೊದಲ ದಿನವೇ ಗಟ್ಟಿಯಾಗಿ ಕೂಗಿ ಹೇಳುತ್ತದೆ.

ಒಂದು ಹಲ್ಲು ಹೆಚ್ಚಾದರೂ ಕಡಿಮೆಯಾದರೂ ನಡೆಯುತ್ತದೆಂಬ ನಂಬಿಕೆಯೂ ಉಂಟು. ಮೋಟರನ್ನು ಬಿಗಿಯುವ ಬೋಲ್ಟುಗಳ ಸ್ಥಾನವು ಸ್ಥಿರವಾದುದರಿಂದ ಪಿನಿಯನ್ನಿಗೂ ಬಳೆಗೂ ಇರುವ ಅಂತರವು ಬದಲಾಗುವುದಿಲ್ಲ. 2.5 ಮಾಡ್ಯೂಲಿನಲ್ಲಿ ಒಂದು ಹಲ್ಲು ಹೆಚ್ಚಿದರೆ ತ್ರಿಜ್ಯವು 1.25 ಮಿಲಿಮೀಟರಷ್ಟು ಬೆಳೆಯುವುದು. ಅಷ್ಟು ಬೆಳೆದರೆ ಹಲ್ಲುಗಳು ಬಿಗಿದು ಸಿಕ್ಕಿಕೊಳ್ಳುವುವು. ಕಡಿಮೆಯಾದರೆ ತುದಿಯಲ್ಲಿ ಮಾತ್ರ ಹಿಡಿದು ಜಾರುವುವು. ಹಲ್ಲಿನ ಆಕಾರವನ್ನು ತಿದ್ದಿ ಈ ಅಂತರವನ್ನು ಸರಿದೂಗಿಸಿ ತಯಾರಿಸಿದ ಪಿನಿಯನ್ನುಗಳೂ ಇಲ್ಲದಿಲ್ಲ. ಆದರೆ ಅದು ತಯಾರಕರ ಲೆಕ್ಕ. ಅಂಗಡಿಯ ಮುಂಗಟ್ಟಿನಲ್ಲಿ ಊಹಿಸತಕ್ಕದ್ದಲ್ಲ.

ಮೂರನೆಯದು ದಿಕ್ಕು. ಪಿನಿಯನ್ನಿನ ಕಡೆಯಿಂದ ನೋಡಿದಾಗ ಕೆಲವು ಮೋಟರುಗಳು ಗಡಿಯಾರದ ಮುಳ್ಳಿನಂತೆಯೂ ಕೆಲವು ಅದಕ್ಕೆ ವಿರುದ್ಧವಾಗಿಯೂ ತಿರುಗುವುವು. ವಿರುದ್ಧ ದಿಕ್ಕಿನ ಕ್ಲಚ್ಚನ್ನು ಹಾಕಿದರೆ ಮೋಟರು ಬರಿದೆ ಸುತ್ತುವುದೇ ಹೊರತು ಎಂಜಿನು ಅಲುಗುವುದಿಲ್ಲ. ಹಳೆಯದನ್ನೂ ಹೊಸದನ್ನೂ ಎಡಗೈಯಲ್ಲಿ ಒಂದೇ ರೀತಿ ಹಿಡಿದು ಬಲಗೈಯಿಂದ ಪಿನಿಯನ್ನನ್ನು ತಿರುಗಿಸಿ ನೋಡಿದರೆ, ಎರಡೂ ಒಂದೇ ಕಡೆಗೆ ಸಡಿಲವಾಗಿ ತಿರುಗಿ ಒಂದೇ ಕಡೆಗೆ ಹಿಡಿಯಬೇಕು. ಹಳೆಯದು ಎರಡು ಕಡೆಗೂ ತಿರುಗುವುದಾದರೆ ಅದರ ಉರುಳೆಗಳು ಸವೆದಿವೆಯೆಂದರ್ಥ. ಇದರೊಡನೆಯೇ ಒಳಗಿನ ಓರೆಗೀರುಗಳ ಸಂಖ್ಯೆ, ಅವುಗಳ ಓರೆಯ ದಿಕ್ಕು, ದಂಡದ ವ್ಯಾಸ, ಕವೆಯು ಕೂಡುವ ಗಾಡಿಯ ಅಗಲ, ಪಿನಿಯನ್ನಿನ ಒಟ್ಟು ಉದ್ದ ಇವುಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಹೋಲಿಸತಕ್ಕದ್ದು. ಉದ್ದವು ಮುಖ್ಯ. ವಿರಾಮದಲ್ಲಿರುವಾಗ ಪಿನಿಯನ್ನಿನ ಮುಖಕ್ಕೂ ಬಳೆಗೂ ನಡುವೆ ಸುಮಾರು 3 ಮಿಲಿಮೀಟರು ತೆರಪಿರುವುದು ಸಾಮಾನ್ಯ. ಉದ್ದ ಹೆಚ್ಚಾದರೆ ಎಂಜಿನು ಓಡುತ್ತಿರುವಾಗಲೂ ಬಳೆಗೆ ತಗುಲುವುದು. ಕಡಿಮೆಯಾದರೆ ಹಲ್ಲಿನ ಅಗಲದಲ್ಲಿ ಅರ್ಧ ಮಾತ್ರ ಕೂಡಿ, ಆ ಅರ್ಧವು ಬೇಗ ಮುರಿಯುವುದು.

ಮೋಟರನ್ನೇ ಪೂರ್ತಿಯಾಗಿ ಬದಲಾಯಿಸುವವರು 12 ವೋಲ್ಟಿನದೋ 24 ವೋಲ್ಟಿನದೋ ಎಂಬುದನ್ನೂ, ಬೋಲ್ಟುಗಳ ನಡುವಣ ದೂರವನ್ನೂ, ಮೂತಿಯ ವ್ಯಾಸವನ್ನೂ ನೋಡಬೇಕು. ಮೂತಿಯು ಸಡಿಲವಾಗಿದ್ದರೆ ಬೋಲ್ಟುಗಳ ಬಿಗಿತವೊಂದರಿಂದ ಪಿನಿಯನ್ನು ನೇರವಾಗಿ ನಿಲ್ಲುವುದಿಲ್ಲ. ಮೋಟರಿಗೂ ಕವಚಕ್ಕೂ ನಡುವೆ ತೆಳ್ಳನೆಯ ತಗಡಿನ ಹಾಳೆಯಿರುವ ಯಂತ್ರಗಳಲ್ಲಿ ಆ ಹಾಳೆಯನ್ನು ಬಿಸಾಡಬಾರದು. ಅಂತರವನ್ನು ಸರಿಪಡಿಸುವುದಕ್ಕೆಂದೇ ಅದನ್ನು ಇಟ್ಟಿರುತ್ತಾರೆ. ಬಿಚ್ಚಿದವರ ಕೈಯಿಂದ ಗದ್ದೆಯ ಕೆಸರಿನಲ್ಲಿ ಕಳೆದುಹೋಗುವ ವಸ್ತುಗಳಲ್ಲಿ ಇದೇ ಮೊದಲನೆಯದು.

ಜೋಡಿಸಿದ ಮೇಲೆ ಕಿವಿಯು ಒಳ್ಳೆಯ ಪರೀಕ್ಷಕ. ಎಂಜಿನು ಏಳುವುದಕ್ಕೆ ಮೊದಲು, ಮೋಟರು ಅದನ್ನು ತಿರುಗಿಸುತ್ತಿರುವಾಗಲೇ ಕೀರಲು ಧ್ವನಿ ಕೇಳಿಬಂದರೆ ಪಿನಿಯನ್ನು ಬಳೆಯಿಂದ ದೂರವಾಗಿದೆಯೆಂದು ತಿಳಿಯಬೇಕು. ಎಂಜಿನು ಎದ್ದು ಬೀಗದ ಕೈ ಬಿಟ್ಟ ಮೇಲೆ ಅಂಥ ಧ್ವನಿ ಬಂದರೆ ತೀರ ಹತ್ತಿರವಾಗಿದೆಯೆಂದು ತಿಳಿಯಬೇಕು. ಕಟಕಟವೆಂದು ಬಡಿದು ಸುಮ್ಮನಾದರೆ ಪಿನಿಯನ್ನನ್ನು ಬಿಚ್ಚುವುದಕ್ಕೆ ಅವಸರಪಡಬಾರದು. ಅದು ಹೆಚ್ಚಾಗಿ ಬ್ಯಾಟರಿಯ ದೌರ್ಬಲ್ಯ, ಇಲ್ಲವೆ ಭೂಮಿತಂತಿಯ ತುದಿಯಲ್ಲಿ ಕಟ್ಟಿದ ಕಿಲುಬು. 12 ವೋಲ್ಟಿನ ಒಳ್ಳೆಯ ಬ್ಯಾಟರಿಯು ವಿರಾಮದಲ್ಲಿ ಸುಮಾರು 12.6 ವೋಲ್ಟು ತೋರಿಸುವುದು. ಸ್ಟಾರ್ಟರು ಎಳೆಯುವಾಗ 9.6 ಕ್ಕಿಂತ ಕೆಳಗಿಳಿಯಬಾರದು. ಇದನ್ನು ನೋಡದೆ ಹೊಸ ಬೆಂಡಿಕ್ಸ್ ತರುವುದು ಹಣವನ್ನು ನಾಲೆಗೆ ಸುರಿದಂತೆಯೇ ಸರಿ.

ಹಲ್ಲುಬಳೆಯನ್ನು ಪರೀಕ್ಷಿಸದೆ ಹೊಸ ಪಿನಿಯನ್ನು ಹಾಕುವುದೂ ತಪ್ಪು. ಎಂಜಿನು ನಿಲ್ಲುವಾಗ ಯಾವುದಾದರೊಂದು ಸಿಲಿಂಡರಿನ ಒತ್ತಡಕ್ಕೆ ತಡೆದು ನಿಲ್ಲುವುದರಿಂದ, ಬಳೆಯು ಸುತ್ತಲೂ ಸಮನಾಗಿ ಸವೆಯುವುದಿಲ್ಲ. ನಾಲ್ಕು ಸಿಲಿಂಡರಿನದರಲ್ಲಿ ಎದುರುಬದುರಾದ ಎರಡು ಕಡೆಯೂ, ಮೂರು ಸಿಲಿಂಡರಿನದರಲ್ಲಿ ಮೂರು ಕಡೆಯೂ, ಒಂದೇ ಸಿಲಿಂಡರಿನದರಲ್ಲಿ ಒಂದೇ ಕಡೆಯೂ ಹಲ್ಲು ಮೊಂಡಾಗುವುದು. ಯಂತ್ರವು ಒಂದು ದಿನ ಎದ್ದು ಒಂದು ದಿನ ಏಳದೆ, ಎಂಜಿನನ್ನು ಕೈಯಿಂದ ಸ್ವಲ್ಪ ಸರಿಸಿದರೆ ಏಳುವುದಾದರೆ ಇದೇ ಕಾರಣವಿರಬಹುದು. ಮೋಟರನ್ನು ಇಳಿಸಿ ಆ ಕಿಂಡಿಯಿಂದ ದೀಪ ಹಿಡಿದು, ಎಂಜಿನನ್ನು ಮೆಲ್ಲಗೆ ಒಂದು ಪೂರ್ಣ ಸುತ್ತು ತಿರುಗಿಸಿ, ಪ್ರತಿ ಹಲ್ಲನ್ನೂ ನೋಡಬೇಕು. ಈ ಕೆಲಸಕ್ಕೆ ಮುಂಚೆ ಬ್ಯಾಟರಿಯ ಭೂಮಿತಂತಿಯನ್ನು ತಪ್ಪದೆ ಬಿಚ್ಚಿರಬೇಕು.

ಮೊಂಡಾದ ಹಲ್ಲಿನ ಮೇಲೆ ವೆಲ್ಡಿಂಗು ತುಂಬಿ ಅರದಿಂದ ತಿದ್ದುವ ಪದ್ಧತಿ ಕೆಲವೆಡೆ ಇದೆ. ಬೆಸುಗೆಯ ಕಾವಿಗೆ ಸುತ್ತಲಿನ ಹಲ್ಲುಗಳ ಹದ ಕೆಡುವುದರಿಂದಲೂ, ಬಳೆಯು ಬಿರಿಯುವ ಭಯವಿರುವುದರಿಂದಲೂ ಇದು ಒಳ್ಳೆಯದಲ್ಲ. ಬಳೆಯನ್ನು ತೆಗೆದು ಮಗುಚಿ ಹಾಕುವುದು ಇದಕ್ಕಿಂತ ಮೇಲು. ಆದರೆ ಪಿನಿಯನ್ನು ನುಗ್ಗುವ ಕಡೆಯಲ್ಲಿ ಹಲ್ಲುಗಳ ತುದಿಯನ್ನು ಓರೆಯಾಗಿ ತಿದ್ದಿರುವುದರಿಂದ, ಮಗುಚಿದ ಮೇಲೆ ಇನ್ನೊಂದು ಕಡೆಗೂ ಅಂಥ ಓರೆ ಕೊಡಿಸಬೇಕು. ಹೊಸ ಬಳೆಯನ್ನು ಕೂರಿಸುವಾಗ ಅದನ್ನು ಸುತ್ತಲೂ ಸಮನಾಗಿ ಕಾಯಿಸಿ ಹಿಗ್ಗಿಸಿ ಹಾಕುವರು. ಬಂಡಿಯ ಗಾಲಿಗೆ ಹಳಿ ತೊಡಿಸುವ ಕಮ್ಮಾರನ ಉಪಾಯವೇ ಇದು. ಕಾವು ಮಾತ್ರ ಗಾಲಿಯ ಹಳಿಯಂತೆ ಕೆಂಪಗಾಗುವವರೆಗೆ ಏರಕೂಡದು. ಸುಮಾರು 200 ರಿಂದ 250 ಡಿಗ್ರಿ ಸೆಂಟಿಗ್ರೇಡಿನೊಳಗೆ ನಿಲ್ಲಿಸದಿದ್ದರೆ ಹಲ್ಲು ಮೆತ್ತಗಾಗಿ, ಹೊಸ ಬಳೆಯೂ ಹಳೆಯದರ ದಾರಿಯನ್ನೇ ಹಿಡಿಯುವುದು.

ಸ್ಟಾರ್ಟರು ಕೆಟ್ಟ ಮೇಲೆ ಜನರು ಕಂಡುಕೊಂಡಿರುವ ಉಪಾಯವೊಂದರ ವಿಷಯವಾಗಿ ಊರಿನ ಹಿರಿಯರು ಕಟ್ಟುನಿಟ್ಟಾಗಿರಬೇಕು. ನೆಲದ ಮೇಲೆ ನಿಂತು ತಿರುಪುಳಿಯಿಂದ ಸ್ಟಾರ್ಟರಿನ ಎರಡು ತುದಿಗಳನ್ನು ಕೂಡಿಸಿ ಎಂಜಿನನ್ನು ಎಬ್ಬಿಸುವುದೇ ಆ ಉಪಾಯ. ಪೀಠದಲ್ಲಿ ಕುಳಿತು ಕ್ಲಚ್ಚು ತುಳಿದಾಗ ಅಥವಾ ಗೇರು ತಟಸ್ಥವಾಗಿದ್ದಾಗ ಮಾತ್ರ ಸ್ಟಾರ್ಟರು ತಿರುಗುವಂತೆ ತಯಾರಕರು ಇಟ್ಟಿರುವ ರಕ್ಷಣೆಯು ಇದರಿಂದ ನಿಷ್ಫಲವಾಗುವುದು. ಗೇರಿನಲ್ಲಿ ನಿಂತಿರುವ ಟ್ರ್ಯಾಕ್ಟರು ಎದ್ದೊಡನೆ ಮುಂದೆ ಹರಿಯುವುದು. ಹಾಗೆ ಕೂಡಿಸುವವನು ನಿಂತಿರುವುದು ಹಿಂದಿನ ದೊಡ್ಡ ಗಾಲಿಯ ಮುಂದೆಯೇ. ಈ ಕಾರಣದಿಂದ ಪ್ರಾಣ ಕಳೆದುಕೊಂಡವರು ಅನೇಕ ದೇಶಗಳಲ್ಲಿದ್ದಾರೆ. ಆಳು ಮಕ್ಕಳಿಗೆ ಈ ಕೆಲಸವನ್ನು ಹೇಳುವ ಯಜಮಾನನು ಅದರ ಹೊಣೆಯನ್ನೂ ಹೊರಬೇಕಾದೀತು. ಕೆಲವು ನೂರು ರೂಪಾಯಿಗಳ ಉಳಿತಾಯಕ್ಕೆ ಹೊಂದದ ಪಿನಿಯನ್ನನ್ನು ತಂದ ಮನೆಯಲ್ಲಿಯೇ ತಿರುಪುಳಿಯ ಅಭ್ಯಾಸವೂ ಬೇಗ ಬೆಳೆಯುವುದು.

ಉಪಯೋಗದಲ್ಲಿ ಒಂದೆರಡು ಎಚ್ಚರಿಕೆಗಳು ಸಾಕು. ಒಂದೇ ಸಲಕ್ಕೆ 10 ರಿಂದ 15 ಸೆಕೆಂಡಿಗಿಂತ ಹೆಚ್ಚಾಗಿ ಸ್ಟಾರ್ಟರನ್ನು ತಿರುಗಿಸದೆ, ನಡುವೆ ಒಂದೆರಡು ನಿಮಿಷ ಬಿಡಬೇಕು. ಎಂಜಿನು ಎದ್ದಂತೆ ಮಾಡಿ ನಿಂತರೆ, ಫ್ಲೈವೀಲು ಪೂರ್ತಿಯಾಗಿ ನಿಂತ ಮೇಲೆಯೇ ಮತ್ತೆ ಕೈಹಾಕಬೇಕು. ಕೆಸರುಗದ್ದೆಯ ಕೆಲಸ ಮುಗಿದ ಮೇಲೆ ಫ್ಲೈವೀಲಿನ ಕವಚದ ಕೆಳಗಿನ ರಂಧ್ರವನ್ನು ತೆರೆದು ನೀರನ್ನೂ ಕೆಸರನ್ನೂ ಇಳಿಸಬೇಕು. ಹಳೆಯ ತಿರುಪಿನ ಮಾದರಿಯ ಪಿನಿಯನ್ನಿಗೆ ಗಟ್ಟಿಯಾದ ಗ್ರೀಸು ಹಚ್ಚುವುದು ಪ್ರೀತಿಯಿಂದ ಮಾಡುವ ಅಪಕಾರ. ದೂಳು ಅಂಟಿ ಅದು ತಿರುಪಿನ ಮೇಲೆ ಹರಿಯದಾಗುವುದು. ಸೀಮೆಎಣ್ಣೆಯಿಂದ ತೊಳೆದು ಒಣಗಿಸಿದರೆ ಸಾಕು.

ಕೊಳ್ಳುವುದಕ್ಕೆ ಹೋಗುವಾಗ ಹಳೆಯ ಭಾಗವನ್ನೇ ಜೊತೆಯಲ್ಲಿ ಒಯ್ಯತಕ್ಕದ್ದು. ಮುರಿದಿದ್ದರೆ ಚೂರುಗಳನ್ನೂ ಒಯ್ಯಬೇಕು. ಟ್ರ್ಯಾಕ್ಟರಿನ ಮಾದರಿ, ಎಂಜಿನಿನ ಸಂಖ್ಯೆ, ಸ್ಟಾರ್ಟರಿನ ಮೈಮೇಲೆ ಕೊರೆದಿರುವ ಸಂಖ್ಯೆ, ವೋಲ್ಟು, ತಿರುಗುವ ದಿಕ್ಕು, ಪಿನಿಯನ್ನಿನ ಹಲ್ಲು ಮತ್ತು ಹೊರವ್ಯಾಸ, ಬಳೆಯ ಹಲ್ಲುಗಳ ಸಂಖ್ಯೆ ಇವುಗಳನ್ನು ಯಂತ್ರವು ಸರಿಯಾಗಿರುವಾಗಲೇ ಅಳೆದು ಪುಸ್ತಕದಲ್ಲಿ ಬರೆದಿಡುವುದು ಉತ್ತಮ. ಬಳೆಯ ಹಲ್ಲನ್ನು ಎಣಿಸುವಾಗ ಮೊದಲ ಹಲ್ಲಿಗೆ ಸುಣ್ಣದ ಗುರುತು ಹಾಕಿಕೊಳ್ಳದಿದ್ದರೆ ಎಣಿಕೆ ಎರಡು ಸಲ ಒಂದೇ ಆಗುವುದು ಅಪರೂಪ. ಕೆರೆಬಿಳಚಿಯಂಥ ಊರಿನಲ್ಲಿ ಒಂದೇ ಮಾದರಿಯ ಟ್ರ್ಯಾಕ್ಟರನ್ನು ಇಟ್ಟುಕೊಂಡಿರುವವರು ಮೂರು ನಾಲ್ಕು ಮಂದಿ ಕೂಡಿ, ತಕ್ಕ ಪಿನಿಯನ್ನೊಂದನ್ನು ಮೊದಲೇ ತರಿಸಿ, ಎಣ್ಣೆ ಕಾಗದದಲ್ಲಿ ಸುತ್ತಿ ಒಬ್ಬರ ಮನೆಯಲ್ಲಿ ಇರಿಸಬಹುದು. ಮುಂಗಾರಿನ ಬತ್ತದ ಕೊಯ್ಲು ಮುಗಿದು, ಬೇಸಗೆಯ ಬೆಳೆಗೆ ನಾಲೆಯ ನೀರು ಬರುವುದಕ್ಕೆ ಮುಂಚೆ ದೊರೆಯುವ ಬಿಡುವಿನ ದಿನಗಳು ಈ ಪರೀಕ್ಷೆಗೆ ತಕ್ಕ ಕಾಲ.